ಮೆತ್ತುವ ಮೊದಲು ಕೆರೆದು ನೋಡು

ಪುಟ್ಟೀ, ನೀನು ಕಳಿಸಿದ ಸೆಲ್ಫ್ ಪೋರ್ಟ್ರೇಟ್ ನೋಡಿದೆ. ಕೆನ್ನೆಗೆ ಮರಳು, ಹಣೆಗೆ ಗೋಣಿದಾರ, ಕೂದಲಿಗೆ ತೆಂಗಿನ ನಾರು, ಇಷ್ಟರ ಮೇಲೆ ಬೆರಳು ದಪ್ಪದ ಬಣ್ಣ. ಹಬ್ಬದೂಟವನ್ನೆಲ್ಲ ಒಂದೇ ತುತ್ತಿಗೆ ಕಲಸಿದ ಹಾಗಿದೆ! ಬೈತಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಚೆನ್ನೈನ ಬೆಸೆಂಟ್ ನಗರದ ಬೀಚಿನಿಂದ ಚೀಲ ತುಂಬ ಮರಳು ತಂದು, ತೊಳೆಯದೆ ಬಣ್ಣಕ್ಕೆ ಬೆರೆಸಿದವನು. ಉಪ್ಪು ನೀರೆಳೆಯುತ್ತೆ ಅನ್ನೋದು ಹೊಳೆಯಲಿಲ್ಲ. ನವೆಂಬರ್ ಮಳೆ ಹಿಡಿದಾಗ ನನ್ನ ಮುಖ ಗೋಡೆ ಮೇಲೇ ಬೆವರಿತು. ಪೊಂಗಲ್ ಹೊತ್ತಿಗೆ ಮೂಗು ಉದುರಿತ್ತು. ಮರಳು ಬೇಕಾದರೆ ಸಿಹಿನೀರಲ್ಲಿ ನಾಲ್ಕೈದು ಸಲ ತೊಳೆದು, ಒಣಗಿಸಿ, ಜರಡಿ ಹಿಡಿ.

ಆದರೆ ಮರಳು ಯಾಕೆ ಬೇಕು ಅಂತ ಮೊದಲು ನಿನ್ನನ್ನೇ ಕೇಳಿಕೋ. ರೆಂಬ್ರಾಂಟ್ 1628ರ ಸುಮಾರಿಗೆ, ಇಪ್ಪತ್ತೆರಡರ ಹುಡುಗ, ತನ್ನ ಮುಖ ಬರೆದ. ಕಣ್ಣು ನೆರಳಲ್ಲಿ ಮುಳುಗಿದೆ. ಗುಂಗುರು ಕೂದಲು ಮಾತ್ರ ಮಿಂಚುತ್ತೆ. ಅದನ್ನು ಹೇಗೆ ಮಾಡಿದ ಗೊತ್ತಾ? ಹಸಿ ಬಣ್ಣವನ್ನು ಬ್ರಷ್ಷಿನ ಹಿಂತುದಿಯಿಂದ ಕೆರೆದ, ಅಷ್ಟೇ. ಏನೂ ಅಂಟಿಸಲಿಲ್ಲ, ಇದ್ದದ್ದನ್ನೇ ತೆಗೆದ. ನನ್ನ ಮಟ್ಟಿಗೆ ಟೆಕ್ಸ್ಚರ್ ಅಂದರೆ ಅದು.

ಮೂರು ಸಣ್ಣ ಹಾರ್ಡ್‌ಬೋರ್ಡ್ ತಗೋ. ದಪ್ಪ ಬಣ್ಣದ ಭಾರಕ್ಕೆ ಕ್ಯಾನ್ವಾಸ್ ಜೋಲುತ್ತೆ, ಬೋರ್ಡ್ ತಡೆಯುತ್ತೆ. ಒಂದರಲ್ಲಿ ಹಳೇ ಬಾಚಣಿಗೆಯಿಂದ ಬರೀ ಕೆರೆ. ಇನ್ನೊಂದರಲ್ಲಿ ಬಣ್ಣ ಮೆತ್ತುವ ಚಾಕು ಬಿಟ್ಟು ಬೇರೇನೂ ಮುಟ್ಟಬೇಡ. ಮೂರನೆಯದು ನಿನ್ನಿಷ್ಟ. ಅಕ್ರಿಲಿಕ್ಕಿನ ಮೇಲೆ ಆಯಿಲ್ ಹಾಕಬಹುದು, ಆಯಿಲ್ ಮೇಲೆ ಅಕ್ರಿಲಿಕ್ ನಿಲ್ಲಲ್ಲ. ಆಯಿಲನ್ನು ದಪ್ಪಗೆ ಮೆತ್ತಿದರೆ ಮೇಲೆ ಕೆನೆ ಕಟ್ಟಿ, ಒಳಗೆ ತಿಂಗಳುಗಟ್ಟಲೆ ಹಸಿಯಾಗೇ ಇರುತ್ತೆ. ಚೆನ್ನೈ ಬಿಸಿಲಲ್ಲಿ ಅಕ್ರಿಲಿಕ್ ತಟ್ಟೆಯಲ್ಲೇ ಒಣಗೋದರಿಂದ ಸ್ವಲ್ಪ ಸ್ವಲ್ಪವೇ ಹಿಂಡಿಕೋ. ಫೋಟೋ ನೋಡಿ ಬರೀಬೇಡ. ಫೋನು ಚರ್ಮವನ್ನು ನುಣ್ಣಗೆ ಮಾಡಿಬಿಡುತ್ತೆ, ಆಮೇಲೆ ಒರಟನ್ನು ಎಲ್ಲಿಂದ ತರ್ತೀಯ? ಕನ್ನಡಿಯನ್ನು ಕಿಟಕಿ ಪಕ್ಕ ಇಟ್ಟುಕೊಂಡು, ಮೊಡವೆ ಎಲ್ಲಿದೆ, ಕಣ್ಣ ಕೆಳಗೆ ಎಲ್ಲಿ ತೆಳು, ನೋಡು. ಬಣ್ಣ ಎಲ್ಲಿ ದಪ್ಪ ಇರಬೇಕು ಅಂತ ಮುಖವೇ ಹೇಳುತ್ತೆ.

ಬಿಡುವಾದಾಗ ಈಸ್ಟ್ ಕೋಸ್ಟ್ ರೋಡಿನ ಬಸ್ ಹತ್ತಿ ಇಂಜಂಬಾಕ್ಕಂನಲ್ಲಿ ಇಳಿ. 1966ರಲ್ಲಿ ನಿಮ್ಮ ಕಲಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ತಮ್ಮ ಶಿಷ್ಯರನ್ನು ಕಟ್ಟಿಕೊಂಡು ಶುರುಮಾಡಿದ ಚೋಳಮಂಡಲ ಕಲಾವಿದರ ಗ್ರಾಮ ಅಲ್ಲಿದೆ. ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಆ ಮೊದಲಿಗರಲ್ಲಿ ಒಬ್ಬರು. ದುಡ್ಡಿಗಾಗಿ ಆ ಹುಡುಗರು ಬಟ್ಟೆಗೆ ಮೇಣ ಬಳಿದು ಬಾಟಿಕ್ ಮಾಡಿ ಮಾರಿದರು. ಮೇಣ ಬಿರಿದ ಕಡೆ ಬಣ್ಣ ಹೇಗೆ ನುಗ್ಗುತ್ತೆ ಅನ್ನೋದು ಅವರ ಕೈಗೆ ಗೊತ್ತಿತ್ತು. ಅಲ್ಲಿ ಚಿತ್ರಗಳನ್ನು ಎದುರಿಗೆ ನಿಂತು ನೋಡಿದ ಮೇಲೆ ಪಕ್ಕಕ್ಕೆ ಸರಿದು ಓರೆಯಿಂದಲೂ ನೋಡು. ಕೈಯ ಕೆಲಸ ಆಗ ಕಾಣುತ್ತೆ. ಮುಟ್ಟಬೇಡ ಮಾರಾಯ್ತಿ, ಕಾವಲಿನವರು ಬೈತಾರೆ.

ಮೂರು ಬೋರ್ಡೂ ಕೆಟ್ಟರೂ ಎಸೀಬೇಡ. ಬರುವ ತಿಂಗಳು ದೊಡ್ಡಮ್ಮನ ಜೊತೆ ಮಾಂಬಲಂಗೆ ಬರ್ತೀನಿ, ಆಗ ತೋರಿಸು.