ಕಾಗದದ ಪೆಟ್ಟಿಗೆಯಲ್ಲಿ ರೇಖಾಗಣಿತ

ಜಪಾನಿನಲ್ಲಿ ಅಕ್ಕಿಯನ್ನು ಅಳೆಯುತ್ತಿದ್ದ ಚೌಕಾಕಾರದ ಮರದ ಮಾನಕ್ಕೆ ‘ಮಸು’ ಎಂದು ಹೆಸರು. ಕತ್ತರಿ, ಅಂಟುಗಳ ನೆರವಿಲ್ಲದೆ ಒಂದೇ ಹಾಳೆಯಿಂದ ಅದೇ ಆಕೃತಿಯ ಪೆಟ್ಟಿಗೆಯನ್ನು ರಚಿಸುವುದು ‘ಒರಿಗಾಮಿ’ ಕಲೆಯ ಪ್ರಸಿದ್ಧ ಪಾಠ.

20 ಸೆಂ.ಮೀ. ಭುಜದ ಚೌಕ ಹಾಳೆಯನ್ನು ಬಣ್ಣದ ಮೈ ಕೆಳಗಾಗುವಂತೆ ಇರಿಸಬೇಕು. ಎರಡೂ ಕರ್ಣಗಳಲ್ಲಿ ಮಡಿಸಿ ಬಿಡಿಸಿದರೆ ಕೇಂದ್ರಬಿಂದು ದೊರೆಯುತ್ತದೆ. ನಾಲ್ಕು ಮೂಲೆಗಳನ್ನೂ ಅಲ್ಲಿಗೆ ತಂದು ಮಡಿಸಬೇಕು. ಹೀಗಾದ ಚಿಕ್ಕ ಚೌಕದ ಕ್ಷೇತ್ರಫಲ ಮೂಲದ ಅರ್ಧವೆಂಬುದು ಸೂತ್ರವಿಲ್ಲದೆಯೇ ಕಣ್ಣಿಗೆ ಕಾಣುತ್ತದೆ. ಅದರ ನಾಲ್ಕು ಅಂಚುಗಳನ್ನು ಒಂದೊಂದಾಗಿ ಕೇಂದ್ರದವರೆಗೆ ಮಡಿಸಿ ಬಿಡಿಸಬೇಕು. ಬಳಿಕ ಎದುರುಬದುರಿನ ಎರಡು ಮೂಲೆಗಳನ್ನು ಪೂರ್ತಿ ಬಿಚ್ಚಿ, ಉಳಿದೆರಡು ಪಕ್ಕಗಳನ್ನು ಗೋಡೆಗಳಂತೆ ನಿಲ್ಲಿಸಬೇಕು. ಗೋಡೆಗಳ ಕೊನೆಯಲ್ಲಿ ಕಾಗದವನ್ನು ಒಳಕ್ಕೆ ಒತ್ತುತ್ತ, ಬಿಚ್ಚಿದ ತುದಿಗಳನ್ನು ಮೇಲೆತ್ತಿ ಒಳಗಿಳಿಸಿದರೆ ನಾಲ್ಕು ತುದಿಗಳೂ ತಳದ ನಡುವೆ ಕೂಡುತ್ತವೆ. ಅರ್ಧ ಸೆಂ.ಮೀ. ದೊಡ್ಡ ಹಾಳೆಯಿಂದ ಮಡಿಸಿದ ಇನ್ನೊಂದು ಪೆಟ್ಟಿಗೆ ಇದಕ್ಕೆ ಮುಚ್ಚಳವಾಗುತ್ತದೆ.

ತಳದ ಭುಜ ಸುಮಾರು 7.1 ಸೆಂ.ಮೀ., ಎತ್ತರ ಅದರ ಅರ್ಧ. ಘನಫಲ ಸುಮಾರು 177 ಘನ ಸೆಂ.ಮೀ. ಇದು ಸುಮಾರು 180 ಘನ ಸೆಂ.ಮೀ. ಇರುವ ಜಪಾನೀ ‘ಗೋ’ ಅಳತೆಗೆ ಬಹು ಸಮೀಪ.

ಮಡಿಕೆಗಳ ಮೂಲಕ ರೇಖಾಗಣಿತವನ್ನು ಬೋಧಿಸುವ ಗ್ರಂಥವನ್ನು ಟಿ. ಸುಂದರರಾವ್ ಅವರು 1893ರಲ್ಲೇ ಮದರಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಮೊದಲ ಮಡಿಕೆ ಕೂದಲೆಳೆಯಷ್ಟು ತಪ್ಪಿದರೂ ಕೊನೆಯಲ್ಲಿ ತುದಿಗಳು ಕೂಡವು. ಆದುದರಿಂದ ಆರಂಭದ ನಿಷ್ಠೆಯೇ ಈ ಕಲೆಯ ಜೀವಾಳ.