ಮಾಲ್ಡೀವ್ಸ್‌ಗೆ ಹೊರಡುವ ಮೊದಲು ಒಂದು ರಾತ್ರಿಯ ಲೆಕ್ಕ

ಬಳ್ಳಾರಿಯ ನಮ್ಮ ಪಾರ್ವತಿನಗರದಲ್ಲಿ ಈಗ ಹೊಸದಾಗಿ ಮದುವೆಯಾದವರು ಊಟಿ, ಮಡಿಕೇರಿಯ ಮಾತೇ ಎತ್ತುವುದಿಲ್ಲ. ಎಲ್ಲರ ಬಾಯಲ್ಲೂ ಮಾಲ್ಡೀವ್ಸ್. 2025ರ ದಸರಾ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಹೋಗಿ ಬಂದೆವು. ಅಂದಿನಿಂದ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಒಟ್ಟು ಎಷ್ಟಾತಕ್ಕ?’ ಒಟ್ಟು ಮೊತ್ತ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಒಂದೇ ಒಂದು ರಾತ್ರಿಯ ಲೆಕ್ಕ ಬಿಡಿಸಿ ಹೇಳುತ್ತೇನೆ. ನಮ್ಮ ಪ್ರವಾಸದಲ್ಲಿ ಅತಿ ಹೆಚ್ಚು ದುಡ್ಡು ತಿಂದ ರಾತ್ರಿ ಅದು. ನೀರಿನ ಮೇಲಿನ ಮನೆಯಲ್ಲಿ ಒಂದು ದಿನ ಇರಬೇಕು ಎಂದು ಇಬ್ಬರೂ ಕೂತು ಯೋಚಿಸಿಯೇ ತೀರ್ಮಾನಿಸಿದ್ದೆವು.

ಜಾಹೀರಾತಿನಲ್ಲಿದ್ದ ಬಾಡಿಗೆ ರಾತ್ರಿಗೆ 300 ಡಾಲರ್, ಪಕ್ಕದಲ್ಲಿ ಎರಡು ಪ್ಲಸ್ ಗುರುತು. ಡಾಲರಿಗೆ 88 ರೂಪಾಯಿ ಹಿಡಿದರೆ 26,400. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸಿ ಟಿಕೆಟ್ ಮಾಡಿಸುತ್ತಾರೆ. ಆ ಎರಡು ಪ್ಲಸ್‌ಗಳೊಳಗೆ ಏನಿದೆ ನೋಡಿ. ಮೊದಲನೆಯದು ಶೇ 10 ಸರ್ವೀಸ್ ಚಾರ್ಜ್. 300 ಅಲ್ಲಿಗೆ 330 ಆಯಿತು. ಎರಡನೆಯದು ಪ್ರವಾಸೋದ್ಯಮದ ಜಿಎಸ್‌ಟಿ, 2025ರ ಜುಲೈ 1ರಿಂದ ಶೇ 17. ಇದನ್ನು 300ರ ಮೇಲಲ್ಲ, 330ರ ಮೇಲೆ ಹಾಕುತ್ತಾರೆ. 56.10 ಸೇರಿ 386.10. ಇದರ ಮೇಲೆ ಗ್ರೀನ್ ಟ್ಯಾಕ್ಸ್, ರೆಸಾರ್ಟ್‌ನಲ್ಲಿ ತಲೆಗೆ ರಾತ್ರಿಗೆ 12 ಡಾಲರ್, ಇಬ್ಬರಿಗೆ 24. ಈಗ 410.10. ಊಟ ಇನ್ನೂ ಇದರಲ್ಲಿ ಸೇರಿಲ್ಲ.

ರೆಸಾರ್ಟ್ ಇರುವ ದ್ವೀಪಕ್ಕೆ ನಡೆದು ಹೋಗಲಾಗುವುದಿಲ್ಲವಲ್ಲ! ಅವರದೇ ಸ್ಪೀಡ್‌ಬೋಟ್‌ಗೆ ಹೋಗಿಬರಲು ತಲಾ 150 ಡಾಲರ್, ಇಬ್ಬರಿಂದ 300. ಒಟ್ಟು 710.10 ಡಾಲರ್, ಅಂದರೆ 62,489 ರೂಪಾಯಿ. ಸಾಮಾನ್ಯ ಕ್ರೆಡಿಟ್ ಕಾರ್ಡ್ ಉಜ್ಜಿದರೆ ವಿದೇಶಿ ಖರ್ಚಿಗೆ ಬ್ಯಾಂಕಿನ ಶೇ 3.5 ಮಾರ್ಕಪ್, ಆ ಮಾರ್ಕಪ್ ಮೇಲೆ ನಮ್ಮ ಶೇ 18 ಜಿಎಸ್‌ಟಿ. ಕೂಡಿದರೆ ಶೇ 4.13, ಮೊತ್ತದಲ್ಲಿ 2,581. ಕೊನೆಗೆ ನಿಲ್ಲುವುದು 65,070 ರೂಪಾಯಿ. 26,400 ಎಂದು ಶುರುವಾದದ್ದು ಇದೇ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ದೋಣಿಯ ಖರ್ಚು. ಒಂದು ರಾತ್ರಿ ಇದ್ದರೂ ನಾಲ್ಕು ರಾತ್ರಿ ಇದ್ದರೂ ಅದು ಅಷ್ಟೇ. ಒಂದೇ ರಾತ್ರಿ ಉಳಿಯುವವರ ಮೇಲೆ ಅದರ ಭಾರ ಪೂರ್ತಿ ಬೀಳುತ್ತದೆ. ದೂರದ ದ್ವೀಪವಾದರೆ ಸೀಪ್ಲೇನ್. ಅದರ ದರ ಇನ್ನೂ ಮೇಲೆ. ಅದು ಹಾರುವುದು ಹಗಲಿನಲ್ಲಿ ಮಾತ್ರ. ಸಂಜೆ ಇಳಿಯುವ ವಿಮಾನ ಅಗ್ಗವೆಂದು ಹತ್ತಿದವರು ಆ ರಾತ್ರಿ ರಾಜಧಾನಿ ಮಾಲೆಯಲ್ಲೋ ಪಕ್ಕದ ಹುಲುಮಾಲೆಯಲ್ಲೋ ಬೇರೆ ಕೊಠಡಿ ಹಿಡಿಯಬೇಕಾಗುತ್ತದೆ.

ನಮ್ಮ ಉಳಿದ ರಾತ್ರಿಗಳು ಮಾಫುಶಿ ಎಂಬ, ಊರಿನವರೇ ವಾಸಿಸುವ ದ್ವೀಪದಲ್ಲಿ ಕಳೆದವು. ಆ ದೇಶದಲ್ಲಿ ಸುಮಾರು 1,192 ದ್ವೀಪಗಳಿವೆ, ಜನವಸತಿ ಇರುವುದು ಇನ್ನೂರರ ಆಸುಪಾಸಿನಲ್ಲಿ ಮಾತ್ರ. 1972ರಲ್ಲಿ ಕುರುಂಬಾ ರೆಸಾರ್ಟ್‌ನೊಂದಿಗೆ ಪ್ರವಾಸೋದ್ಯಮ ಶುರುವಾದಾಗಿನಿಂದ ದಶಕಗಳ ಕಾಲ ಹೊರಗಿನವರನ್ನು ಇಳಿಸುತ್ತಿದ್ದದ್ದು ಬಹುಮಟ್ಟಿಗೆ ಜನವಸತಿ ಇಲ್ಲದ ದ್ವೀಪಗಳಲ್ಲಿ. ಊರಿನವರ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳು ಬೆಳೆದದ್ದು 2010ರ ಆಸುಪಾಸಿನಿಂದ. ನಮ್ಮಂಥ ಸಂಬಳದವರಿಗೆ ಆ ದೇಶದ ಬಾಗಿಲು ತೆರೆದದ್ದು ಆಗಲೇ. 60 ಡಾಲರ್‌ನ ಕೊಠಡಿಗೆ ಅದೇ ಸರ್ವೀಸ್ ಚಾರ್ಜ್, ಅದೇ ಜಿಎಸ್‌ಟಿ ಸೇರಿ 77.22. ಐವತ್ತು ಕೊಠಡಿಯವರೆಗಿನ ಗೆಸ್ಟ್‌ಹೌಸ್‌ಗೆ ಗ್ರೀನ್ ಟ್ಯಾಕ್ಸ್ ಅರ್ಧ, ತಲೆಗೆ 6 ಡಾಲರ್. ಇಬ್ಬರಿಗೆ 89.22, ಅಂದರೆ 7,851 ರೂಪಾಯಿ. ಮಾಲೆಯಿಂದ ಅಲ್ಲಿಗೆ ಸರ್ಕಾರಿ ಫೆರ್ರಿಯಲ್ಲಿ ಒಂದೂವರೆ ಗಂಟೆಯ ಹಾದಿ, ಟಿಕೆಟ್ ಎರಡು–ಮೂರು ಡಾಲರ್. ಶುಕ್ರವಾರ ಅಲ್ಲಿ ವಾರದ ರಜೆ, ಅಂದು ಫೆರ್ರಿ ನಂಬಿಕೊಳ್ಳಬೇಡಿ.

ಬೆಳಗಿನ ತಿಂಡಿಗೆ ಅಲ್ಲಿ ಮಸ್ ಹುನಿ: ಟ್ಯೂನಾ ಮೀನು, ತುರಿದ ತೆಂಗಿನಕಾಯಿ, ಈರುಳ್ಳಿ, ನಿಂಬೆರಸ, ಮೆಣಸಿನಕಾಯಿ ಎಲ್ಲ ಕೈಯಲ್ಲೇ ಹಿಸುಕಿ ಬೆರೆಸುತ್ತಾರೆ. ಜೊತೆಗೆ ರೋಶಿ, ನಮ್ಮ ಚಪಾತಿಯ ಹಾಗೇ. ನಾವು ಮೀನು ತಿನ್ನುವುದಿಲ್ಲ ಎಂದಾಗ ಗೆಸ್ಟ್‌ಹೌಸಿನ ಅಮ್ಮ ಮೀನು ಬಿಟ್ಟು ಉಳಿದದ್ದನ್ನು ಕಲಸಿ ಕೊಟ್ಟರು. ಎಷ್ಟು ರುಚಿಯಾಗಿತ್ತೆಂದರೆ ಬಳ್ಳಾರಿಗೆ ಬಂದ ಮೇಲೂ ಮಾಡುತ್ತಿದ್ದೇನೆ. ಮದ್ಯ ಊರಿನ ದ್ವೀಪಗಳಲ್ಲಿ ಸಿಗುವುದಿಲ್ಲ, ಹೊರಗಿನಿಂದ ಒಯ್ಯುವಂತೆಯೂ ಇಲ್ಲ. ಈಜುಡುಗೆಗೆ ಬೇರೆಯದೇ ಕಡಲತೀರ ಗುರುತಿಸಿದ್ದಾರೆ.

ಆ ದೇಶ ಅಷ್ಟು ದುಬಾರಿ ಏಕೆ ಎಂಬುದಕ್ಕೂ ಕಾರಣವಿದೆ. ಸಿರುಗುಪ್ಪದ ಕಡೆ ಕಾಲುವೆ ನೀರಿನ ಗದ್ದೆ ನೋಡಿ ಬೆಳೆದ ನಮಗೆ ಅಕ್ಕಿ ಹೊರಗಿನಿಂದಲೇ ಬರಬೇಕಾದ ದೇಶವನ್ನು ಊಹಿಸುವುದೇ ಕಷ್ಟ. ಅಲ್ಲಿ ಭತ್ತದ ಗದ್ದೆ ಇಲ್ಲ, ನದಿ ಇಲ್ಲ. ಕುಡಿಯುವ ನೀರು ಬಹುಪಾಲು ಸಮುದ್ರದ ನೀರಿನ ಉಪ್ಪು ತೆಗೆದದ್ದು. ಆ ಯಂತ್ರಕ್ಕೆ ಡೀಸೆಲ್ ಬೇಕು, ಡೀಸೆಲ್ ಹಡಗಿನಲ್ಲಿ ಬರಬೇಕು. ಅಕ್ಕಿ, ಈರುಳ್ಳಿ, ಸಕ್ಕರೆ, ಬೇಳೆ, ಮೊಟ್ಟೆಯನ್ನು ಭಾರತ 1981ರ ಒಪ್ಪಂದದಂತೆ ಕೋಟಾ ಲೆಕ್ಕದಲ್ಲಿ ಕಳಿಸುತ್ತದೆ. 2024–25ಕ್ಕೆ ಅಕ್ಕಿಯ ಕೋಟಾವೇ 1.24 ಲಕ್ಷ ಟನ್. ಹೀಗೆ ಬಂದ ಅನ್ನಕ್ಕೆ ರೆಸಾರ್ಟ್‌ನಲ್ಲಿ ಡಾಲರ್ ಲೆಕ್ಕದ ಬೆಲೆ. ಊರಿನ ಅಂಗಡಿಯಲ್ಲಾದರೆ ಅಲ್ಲಿನ ದುಡ್ಡು ರುಫಿಯಾ ನಡೆಯುತ್ತದೆ, ಅಧಿಕೃತವಾಗಿ ಡಾಲರಿಗೆ 15.42 ಮೀರದ ದರ. ಸಣ್ಣ ಖರ್ಚಿಗೆ ಅದೇ ಸಲೀಸು.

ಇನ್ನು ನನಗೆ ತಡೆಯಲಾಗದ ವಿಷಯ, ಇಎಂಐ ಪ್ಯಾಕೇಜು. ನಾವು ವಿಚಾರಿಸಲು ಹೋದ ಏಜೆಂಟರ ಅಂಗಡಿಯಲ್ಲಿ ಮೊದಲ ಮಾತೇ ‘ಮೇಡಂ, ಈಗ ಹೋಗಿಬನ್ನಿ, ಆಮೇಲೆ ತಿಂಗಳಿಗಿಷ್ಟು ಕಟ್ಟಿ’ ಎಂಬುದು. ಬಡ್ಡಿ ಫ್ಲಾಟ್ ಶೇ 12 ಎಂದರು. ಒಂದು ವರ್ಷದ ಕಂತಿನಲ್ಲಿ ಅಸಲು ತಿಂಗಳು ತಿಂಗಳೂ ಕರಗುತ್ತದೆ, ಬಡ್ಡಿ ಮಾತ್ರ ಪೂರ್ತಿ ಅಸಲಿನ ಮೇಲೆ. ನಿಜವಾದ ದರ ಶೇ 21ರ ಮೇಲೆ ಹೋಗುತ್ತದೆ. ಪ್ರೊಸೆಸಿಂಗ್ ಫೀ ಬೇರೆ. ಚಿನ್ನದ ಸಾಲಕ್ಕೂ ಇಷ್ಟು ಬಡ್ಡಿ ಕೊಡಲು ಹಿಂದೆಮುಂದೆ ನೋಡುವ ಜನ, ನಾಲ್ಕು ದಿನದ ಸಂತೋಷಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ! ಮನೆ ಕಟ್ಟಲು ಸಾಲ ಮಾಡಿ, ಮಗಳ ಓದಿಗೆ ಮಾಡಿ, ಜೀನ್ಸ್ ಹೊಲಿಯುವ ಯಂತ್ರ ತರಲು ಮಾಡಿ. ಕಡಲು ನೋಡಲು ಬೇಡ. ನಾವು ವರ್ಷದ ಮೊದಲೇ ಆರ್‌ಡಿ ಶುರು ಮಾಡಿದ್ದೆವು, ಸಂಬಳ ಬಂದ ಮರುದಿನವೇ ಕಡಿತ. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುತ್ತೇನೆ ಎನ್ನುವವರ ಮನೆಯಲ್ಲಿ ಉಳಿಯುವುದು ಏನೂ ಇಲ್ಲ, ಇದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ದುಡ್ಡು ಕೂಡುವತನಕ ಕಾಯಿರಿ. ಹಂಪಿಯ ಕಡೆ ಒಂದು ಭಾನುವಾರ ಹೋಗಿ ಬನ್ನಿ, ಮಾಲ್ಡೀವ್ಸ್ ಎಲ್ಲಿಗೂ ಹೋಗುವುದಿಲ್ಲ.

ಭಾರತೀಯರಿಗೆ ಮುಂಚಿತವಾಗಿ ವೀಸಾ ಮಾಡಿಸುವ ಕೆಲಸವಿಲ್ಲ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ಆನ್‌ಲೈನ್ ಫಾರ್ಮ್ ತುಂಬಬೇಕು. ಅದು ಉಚಿತ, ಅದಕ್ಕೆ ಶುಲ್ಕ ಕೇಳಿದರೆ ಕೊಡಬೇಡಿ. ವಾಪಸು ಟಿಕೆಟ್‌ನಲ್ಲಿ ಎಕಾನಮಿಗೆ 50 ಡಾಲರ್ ನಿರ್ಗಮನ ತೆರಿಗೆ, ಮತ್ತೊಂದು 50 ವಿಮಾನನಿಲ್ದಾಣ ಅಭಿವೃದ್ಧಿ ಶುಲ್ಕ ಅಡಗಿರುತ್ತದೆ. ಬೆಂಗಳೂರಿನಿಂದ ಮಾಲೆ ಹತ್ತಿರವೇ ಇದೆಯಲ್ಲ, ಟಿಕೆಟ್ ಯಾಕಿಷ್ಟು ಎಂದು ಕೇಳುವವರಿಗೆ ಉತ್ತರ ಅಲ್ಲಿದೆ.

ಪ್ಯಾಕೇಜ್ ತೆಗೆದುಕೊಳ್ಳುವವರಾದರೆ ಏಜೆಂಟರು ನಿಮ್ಮಿಂದ ಮೊದಲೇ ವಸೂಲಿ ಮಾಡುವ ತೆರಿಗೆ, ಅಂದರೆ ಟಿಸಿಎಸ್, ಯಾರ ಪ್ಯಾನ್‌ಗೆ ಕಟ್ಟಿಸುತ್ತೀರಿ ಎಂದು ಮೊದಲೇ ನಿರ್ಧರಿಸಿ. ನಾವು ಹೋದಾಗ 10 ಲಕ್ಷದವರೆಗೆ ಶೇ 5 ಇತ್ತು. ಎರಡು ಲಕ್ಷದ ಪ್ಯಾಕೇಜಿಗೆ ಹತ್ತು ಸಾವಿರ. ಅದು ಖರ್ಚಲ್ಲ, ನಿಮ್ಮ ತೆರಿಗೆಗೆ ಜಮೆಯಾಗುವ ದುಡ್ಡು. ರಿಟರ್ನ್ ಸಲ್ಲಿಸದ ಹೆಂಡತಿಯ ಅಥವಾ ತಾಯಿಯ ಪ್ಯಾನ್ ಕೊಟ್ಟರೆ ಅದನ್ನು ವಾಪಸು ಪಡೆಯಲೆಂದೇ ಅವರ ಹೆಸರಿನಲ್ಲಿ ರಿಟರ್ನ್ ಹಾಕಬೇಕಾಗುತ್ತದೆ. ಸಂಬಳ ಇರುವವರ ಪ್ಯಾನ್ ಕೊಡಿ, ತೆರಿಗೆ ಜಮೆ ತೋರಿಸುವ 26ಎಎಸ್‌ನಲ್ಲಿ ಬಂದಿದೆಯೇ ನೋಡಿ, ಬಂದಿಲ್ಲದಿದ್ದರೆ ರಿಟರ್ನ್ ಹಾಕುವ ಜುಲೈ ತನಕ ಕಾಯದೆ ಏಜೆಂಟರಿಗೆ ಫೋನ್ ಮಾಡಿ.