ಹಳೆಯ ಸಾಮಾನಿನ ಅಂಗಡಿಯಲ್ಲಿ ಹುಡುಕುವ ಬಗೆ

ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ ಚೋರ್ ಬಜಾರಿನ ಹೆಸರನ್ನು ಕೇಳದವರಿಲ್ಲ. ಹೋಗಿ ನೋಡಿದವರು ಮಾತ್ರ ಕಡಿಮೆ. ಹೆಸರೇ ಹೆದರಿಸುತ್ತದೆ. ಗದ್ದಲದ ಪೇಟೆ ಎಂಬರ್ಥದ ‘ಶೋರ್ ಬಜಾರ್’ ಎಂಬ ಮಾತೇ ಹೀಗೆ ಮಾರ್ಪಟ್ಟಿತೆಂದು ಹೇಳುವವರೂ ಇದ್ದಾರೆ. ಅದೇನೇ ಇರಲಿ, ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಮಟನ್ ಸ್ಟ್ರೀಟಿನಲ್ಲಿ ತಿಂಗಳ ಸಂಬಳದವನಿಗೂ ದಕ್ಕುವ ಸಂತೋಷವೊಂದಿದೆ. ಶುಕ್ರವಾರ ಅಲ್ಲಿಯ ಅಂಗಡಿಗಳಿಗೆ ರಜೆ. ಭಾನುವಾರ ಹೋಗುವುದು ನಮ್ಮಂಥವರಿಗೆ ಅನುಕೂಲ.

ಒಳಗೆ ಕಾಲಿಡಲು ಜಾಗವಿರದು. ಗಡಿಯಾರದ ಮೇಲೆ ದೀಪ, ದೀಪದ ಮೇಲೆ ಹಡಗಿನ ಚಕ್ರ, ಅದರಡಿಯಲ್ಲಿ ಯಾವುದೋ ಮನೆಯ ಹಿತ್ತಾಳೆಯ ತಂಬಿಗೆ. ಇಂಥಲ್ಲಿ ಅಗ್ಗವೆಂಬುದು ಹುಟ್ಟುವುದು ಹೀಗೆ: ಅಂಗಡಿಯವನು ಒಂದು ಮನೆಯ ಸಾಮಾನನ್ನು ರಾಶಿಯಾಗಿಯೇ ಕೊಳ್ಳುತ್ತಾನೆ. ಗಡಿಯಾರದ ಬೆಲೆ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು; ಅಲ್ಲಿ ಅವನನ್ನು ಮೀರಿಸುವ ಆಸೆ ಬೇಡ. ರಾಶಿಯ ತಳದ ಚಿಲ್ಲರೆ ವಸ್ತುಗಳಿಗೆ ಮಾತ್ರ ಅವನು ಅಂದಾಜಿನಲ್ಲಿ ಬೆಲೆ ಹೇಳುತ್ತಾನೆ. ಅವುಗಳಲ್ಲಿ ಯಾವುದಾದರೊಂದನ್ನು ನೀವು ಅವನಿಗಿಂತ ಹೆಚ್ಚು ಬಲ್ಲಿರಾದರೆ ಅಲ್ಲಿಯೇ ನಿಮ್ಮ ಲಾಭ.

ಬಲ್ಲದವನ ಗತಿಯೇನು? 1818 ಎಂಬ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಹಿಂಬದಿಯಲ್ಲಿ ರಾಮ, ಸೀತೆ, ಹನುಮಂತರ ಚಿತ್ರವಿರುವ ನಾಣ್ಯವನ್ನು ಅಪೂರ್ವವೆಂದು ತೋರಿಸುವವರಿದ್ದಾರೆ. ಕಂಪನಿಯು ಅಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಹಳೆಯ ದೇವರ ವಿಗ್ರಹಗಳ ಗೊಡವೆಗಂತೂ ಹೋಗಲೇಬೇಡಿ. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಯಾವ ಊರಿನ ಗುಡಿ ಬರಿದಾಗಿ ಆ ವಿಗ್ರಹ ಬಂದಿತೋ ಬಲ್ಲವರಾರು!

ಕನ್ನಡಿಗನು ಹುಡುಕಲು ತಕ್ಕ ವಸ್ತು, ನನ್ನ ಅಭಿಪ್ರಾಯದಲ್ಲಿ, ಹಳೆಯ ಗ್ರಾಮಫೋನ್ ತಟ್ಟೆ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಇದನ್ನರಿಯದವನು ಆ ತಟ್ಟೆಯನ್ನು ಕೈಯಲ್ಲಿ ಹಿಡಿದೂ ಪಕ್ಕಕ್ಕಿಡುತ್ತಾನೆ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಅವರ ದನಿ ದಪ್ಪನಾಯಿತು. ನಾವೆಲ್ಲ ಕೇಳಿದ ಗಂಭೀರ ಕಂಠ ಅದು. ಅದಕ್ಕೆ ಮುಂಚಿನ ತೆಳುವಾದ, ಏರುಶ್ರುತಿಯ ಕಂಠವನ್ನು ಕೇಳಬೇಕಾದರೆ ಆ ತಟ್ಟೆಗಳನ್ನೇ ಕೇಳಬೇಕು. ಒಂದು ಬದಿಗೆ ಸುಮಾರು ಮೂರು ನಿಮಿಷ; ಅಷ್ಟರಲ್ಲಿ ರಾಗದ ರೂಪವೆಲ್ಲ ಮೂಡಬೇಕು! ಇಂಥದೊಂದು ಗುಜರಿಗೆ ಬಿದ್ದು ಚೂರಾದರೆ ಹೋದದ್ದು ಅರಗಿನ ತಟ್ಟೆಯಷ್ಟೇ ಅಲ್ಲ.

ಪರೀಕ್ಷಿಸುವ ಕ್ರಮ ಸುಲಭ. ನಿಮಿಷಕ್ಕೆ 78 ಸುತ್ತಿನ ಆ ತಟ್ಟೆಗಳು ತೂಕವಾಗಿರುತ್ತವೆ, ಬಾಗುವುದಿಲ್ಲ, ಬಿದ್ದರೆ ಒಡೆಯುತ್ತವೆ. ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ಕಪ್ಪಾಗಿ ಹೊಳೆದರೆ ಒಳ್ಳೆಯದು. ಬೂದುಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಹಾಡನ್ನು ಕೊರೆದು ತಿಂದಿದೆ. ಅಂಚಿನ ಸುತ್ತ ಉಗುರಾಡಿಸಿ; ಕಣ್ಣಿಗೆ ಕಾಣದ ಬಿರುಕು ಉಗುರಿಗೆ ತಡೆಯುತ್ತದೆ. ನಡುವಿನ ಚೀಟಿಯಲ್ಲಿ ಹಾಡಿದವರ ಹೆಸರು ಓದಲು ಬಂದರೆ ಅರ್ಧ ಬೆಲೆ ಅಲ್ಲಿಯೇ ಇದೆ.

ಪಕ್ಕದಲ್ಲಿಯೇ ಥಳಥಳಿಸುವ ಹಿತ್ತಾಳೆಯ ಕೊಂಬು, ನಾಯಿಯ ಚಿತ್ರ ಅಂಟಿಸಿದ ಪೆಟ್ಟಿಗೆ ಇರುತ್ತದೆ. ಹಾಗೆ ಹೊಳೆಯುವವುಗಳಲ್ಲಿ ಬಹಳಷ್ಟು, ಹಳೆಯ ಯಂತ್ರದ ಭಾಗಕ್ಕೆ ಹೊಸ ಕೊಂಬು, ಹೊಸ ಪೆಟ್ಟಿಗೆ ಜೋಡಿಸಿ ಸಿದ್ಧಪಡಿಸಿದವು. ನೋಡಿ ನಕ್ಕು ಮುಂದೆ ಹೋಗಿ.

ಚೌಕಾಸಿಯ ವಿಷಯ. ಬೇಕಾದ ತಟ್ಟೆಯ ಬೆಲೆಯನ್ನು ಮೊದಲು ಕೇಳಬಾರದು. ಬೇರೆ ನಾಲ್ಕರ ಜೊತೆಗೆ ಅದನ್ನೂ ಸೇರಿಸಿ ಎಲ್ಲಕ್ಕೂ ಒಟ್ಟಿಗೆ ಕೇಳಿ, ಆಮೇಲೆ ಒಂದೊಂದಾಗಿ ಬಿಡುತ್ತ ಬನ್ನಿ. ಕೊಡಬೇಕೆಂದಿರುವ ಹಣವನ್ನು ಮನೆಯಲ್ಲಿಯೇ ಬೇರೆ ಜೇಬಿಗೆ ಹಾಕಿಕೊಂಡು ಹೊರಡುವುದು ಲೇಸು; ಬಾಡಿಗೆಯ ಹಣ ಇನ್ನೊಂದು ಜೇಬಿನಲ್ಲಿರಲಿ. ಕೊಳ್ಳದೆ ಹೊರಟರೂ ಅಂಗಡಿಯವನು ಬೇಸರಿಸುವುದಿಲ್ಲ, ಅವನಿಗೂ ಮಾತಿನ ರುಚಿಯುಂಟು.

ತಂದ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಕೂಡದು. ಅರಗು ಅದರಲ್ಲಿ ಕರಗುತ್ತದೆ. ಒದ್ದೆಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ, ಚೀಟಿಗೆ ನೀರು ತಾಗದಂತೆ, ಗೆರೆಗಳ ಸುತ್ತಿನಲ್ಲಿಯೇ ಒರೆಸಿ ಒಣಗಿಸಿ, ಬಿಸಿಲು ಬೀಳದ ಕಡೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ.